ಅಂಗಿ ಹಾಕ್ಕೊಂಡು ಬರ್ತೀನಿ, ಇರು

ನನ್ನ ಹಾರ್ಡ್‌ಡಿಸ್ಕಿನಲ್ಲಿ ಒಂಬತ್ತು ಸಾವಿರ ಚಿಲ್ಲರೆ ಫೋಟೊಗಳಿವೆ. ಮಿಂಚುಳ್ಳಿಯದ್ದೇ ಮುನ್ನೂರು. ಮಳೆಗಾಲದ ಜೋಗ, ಕೊಡಚಾದ್ರಿಯ ಸೂರ್ಯಾಸ್ತ, ಗೆಳೆಯರ ಮದುವೆ, ಎಲ್ಲ ಇದೆ. ಹೋದ ವರ್ಷ ಅಜ್ಜಿ ತೀರಿಕೊಂಡಾಗ, ಫ್ರೇಮ್ ಹಾಕಿಸಲು ಒಂದು ಒಳ್ಳೇ ಫೋಟೊ ಕೊಡು ಅಂತ ಅಪ್ಪ ಕೇಳಿದರು. ರಾತ್ರಿಯೆಲ್ಲ ಹುಡುಕಿದೆ. ಸಿಕ್ಕಿದ್ದು ಹದಿನಾಲ್ಕು. ಹದಿನಾಲ್ಕರಲ್ಲೂ ಅಜ್ಜಿ ರೇಷ್ಮೆ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿಹಿಡಿದು ಕೂತಿದ್ದಾಳೆ, ಪಾಸ್‌ಪೋರ್ಟಿಗೆ ಫೋಟೊ ತೆಗೆಸುವವಳ ಹಾಗೆ.

ನಮ್ಮಜ್ಜಿ ಹಾಗಿರಲಿಲ್ಲ. ಬಾಯಲ್ಲಿ ಹಲ್ಲಿಲ್ಲದಿದ್ದರೂ ಅಂಗಳದವರೆಗೆ ಕೇಳುವ ಹಾಗೆ ನಗುತ್ತಿದ್ದವಳು. ಆ ನಗು ಒಂದರಲ್ಲೂ ಇಲ್ಲ.

ತಪ್ಪು ಅಜ್ಜಿಯದ್ದಲ್ಲ. 2015ರಲ್ಲಿ ಮೊದಲ ಬೋನಸ್ ಬಂದಾಗ ಕೊಂಡ ನಿಕಾನ್ ಡಿ5300 ಡಿಎಸ್‌ಎಲ್‌ಆರ್ ನನ್ನದು. ಒಳ್ಳೆಯ ಕ್ಯಾಮೆರಾ, ಇವತ್ತಿಗೂ ದೂರುವ ಹಾಗಿಲ್ಲ. ಆದರೆ ಕಿಟ್ ಲೆನ್ಸ್ ಸೇರಿ ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತೆ. ಸಾಗರದ ಬಸ್ ಹತ್ತುವಾಗ ಲ್ಯಾಪ್‌ಟಾಪ್ ಜೊತೆ ಇದನ್ನೂ ಹೊರಬೇಕಲ್ಲ ಅಂತ ಎಷ್ಟೋ ಸಲ ಬೆಂಗಳೂರಿನ ಬೀರುವಿನಲ್ಲೇ ಬಿಟ್ಟಿದ್ದೇನೆ. ಹೊತ್ತುಕೊಂಡು ಹೋದರೆ ಇನ್ನೊಂದು ಕಥೆ. ಬ್ಯಾಗಿನ ಜಿಪ್ ಸದ್ದಿಗೇ ಮನೆಯವರೆಲ್ಲ ಎಚ್ಚರ. ಅಮ್ಮ ಕೂದಲು ಸರಿಮಾಡಿಕೊಳ್ಳುತ್ತಾಳೆ. ಅಜ್ಜಿ ಸೀರೆ ಬದಲಿಸಲು ಒಳಗೆ ಹೋಗುತ್ತಿದ್ದಳು. ಅಪ್ಪನದು ಒಂದೇ ಡೈಲಾಗ್: "ಅಂಗಿ ಹಾಕ್ಕೊಂಡು ಬರ್ತೀನಿ, ಇರು." ಅವರು ಬರುವಷ್ಟರಲ್ಲಿ ನಾನು ತೆಗೆಯಬೇಕು ಅಂದುಕೊಂಡಿದ್ದ ಗಳಿಗೆ ಮುಗಿದಿರುತ್ತೆ.

"ಮೊಬೈಲ್ ಇರ್ಲಿಲ್ವಾ?" ಅಂತ ನೀವು ಕೇಳಬಹುದು. ಇತ್ತು. ಒಮ್ಮೆ ಅಜ್ಜಿ ಪಕ್ಕದ ಮನೆಯ ಮಗುವಿಗೆ ಕಥೆ ಹೇಳುತ್ತಾ ನಗುತ್ತಿದ್ದಾಗ ಮೊಬೈಲ್ ಎತ್ತಿ ಹಿಡಿದಿದ್ದೆ. ಅಷ್ಟರಲ್ಲಿ ಸ್ಕ್ರೀನಿನ ಮೇಲಿಂದ ಆಫೀಸಿನ ಅಲರ್ಟ್ ಇಳಿದು ಬಂತು. ಆ ವಾರ ಆನ್-ಕಾಲ್ ನನ್ನದೇ. ಲ್ಯಾಪ್‌ಟಾಪ್ ತೆಗೆದು ಕೂತೆ. ಒಂದು ಗಂಟೆ ಬಿಟ್ಟು ಎದ್ದು ಬಂದಾಗ ಅಜ್ಜಿ ಮಲಗಿದ್ದಳು. ಮೊಬೈಲ್ ಕ್ಯಾಮೆರಾ ಚೆನ್ನಾಗಿಯೇ ಇದೆ, ಆದರೆ ಅದರೊಳಗೆ ಆಫೀಸೂ ಇದೆ. ಫೋಟೊ ತೆಗೆಯೋದಷ್ಟೇ ಕೆಲಸ ಇರುವ ಚಿಕ್ಕದೊಂದು ವಸ್ತು ನನಗೆ ಬೇಕು ಅಂತ ಆಮೇಲೆ ತೀರ್ಮಾನಿಸಿದೆ.

ಷರತ್ತು ಮೂರೇ. ಪ್ಯಾಂಟ್ ಜೇಬಿನಲ್ಲಿ ಹಿಡಿಸಬೇಕು. ನಮ್ಮ ಮಲೆನಾಡಿನ ಮನೆಯೊಳಗಿನ ಮಬ್ಬು ಬೆಳಕಿನಲ್ಲಿ ಕೆಲಸ ಮಾಡಬೇಕು. ಇಪ್ಪತ್ತು ಸಾವಿರ ದಾಟಬಾರದು.

ಅಂಗಡಿಯವನು ಮೊದಲು ತೋರಿಸಿದ್ದು 30 ಪಟ್ಟು ಜೂಮ್ ಇರುವ ಕಾಂಪ್ಯಾಕ್ಟ್. ಜೂಮ್ ಕೇಳಿ ಮರುಳಾಗುವ ಮುಂಚೆ ಸೆನ್ಸರ್ ಅಳತೆ ಕೇಳಿ. ಬೆಳಕು ಬೀಳುವ ಹಾಳೆ ಅದು. ಇಂಥ ಜೂಮ್ ಕ್ಯಾಮೆರಾಗಳಲ್ಲಿ ಅದು ಸಾಮಾನ್ಯವಾಗಿ ಸುಮಾರು 6.2 x 4.6 ಮಿ.ಮೀ., ಕಿರುಬೆರಳ ಉಗುರಿಗಿಂತ ಚಿಕ್ಕದು. ನನ್ನ ಡಿಎಸ್‌ಎಲ್‌ಆರ್‌ನದು 23.5 x 15.6 ಮಿ.ಮೀ., ವಿಸ್ತೀರ್ಣದಲ್ಲಿ ಸುಮಾರು ಹದಿಮೂರು ಪಟ್ಟು ದೊಡ್ಡದು. ಇವೆರಡರ ನಡುವೆ '1 ಇಂಚು' ಅಂತ ಕರೆಯುವ ಸೆನ್ಸರ್ ಒಂದಿದೆ. ಹೆಸರಿಗೆ ಇಂಚು ಅಷ್ಟೇ, ನಿಜವಾದ ಅಳತೆ 13.2 x 8.8 ಮಿ.ಮೀ.

ಡಿಎಸ್‌ಎಲ್‌ಆರ್ ಸೆನ್ಸರಿನ ಮೂರನೇ ಒಂದು ಭಾಗ ಅಂದರೆ ಬೆಳಕೂ ಮೂರನೇ ಒಂದು ಭಾಗ ಅಲ್ವಾ ಅಂತ ಮೊದಲು ನಿರಾಸೆಯಾಯ್ತು. ಆಮೇಲೆ ಲೆನ್ಸಿನ ಲೆಕ್ಕ ಹಾಕಿದೆ. ನನ್ನ ಕಿಟ್ ಲೆನ್ಸ್ ಜೂಮ್ ಮಾಡದೇ ಇದ್ದಾಗ ಎಫ್ 3.5ರವರೆಗೆ ತೆರೆಯುತ್ತೆ. 1 ಇಂಚಿನ ಕೆಲವು ಕಾಂಪ್ಯಾಕ್ಟ್‌ಗಳು ಎಫ್ 1.8ರವರೆಗೆ ತೆರೆಯುತ್ತವೆ. ಈ ಅಂಕಿ ಅರ್ಧಕ್ಕಿಳಿದರೆ ಒಳಗೆ ಬರುವ ಬೆಳಕು ನಾಲ್ಕು ಪಟ್ಟು. ಅಂದರೆ ಸೆನ್ಸರಿನಲ್ಲಿ ಕಳೆದುಕೊಂಡಿದ್ದನ್ನು ಲೆನ್ಸ್ ಹೆಚ್ಚುಕಮ್ಮಿ ವಾಪಸ್ ಕೊಡುತ್ತೆ! ಮನೆಯೊಳಗೆ, ಜೂಮ್ ಮಾಡದೆ ತೆಗೆದರೆ, ಜೇಬಿನ ಕ್ಯಾಮೆರಾ ನನ್ನ ಕಿಟ್ ಲೆನ್ಸಿಗೆ ಸಮಸಮ ನಿಲ್ಲುತ್ತೆ. ಜೂಮ್ ಮಾಡಿದಿರೋ, ಈ ಲಾಭ ಹೋಯ್ತು. ಅದಕ್ಕೇ ಜೂಮ್ ಬದಲು ಎರಡು ಹೆಜ್ಜೆ ಮುಂದೆ ಹೋಗೋದನ್ನ ರೂಢಿ ಮಾಡಿಕೊಂಡಿದ್ದೇನೆ.

ಮನಸ್ಸು ರಿಕೋ ಜಿಆರ್ ಕಡೆಗೂ ಎಳೆಯಿತು. ಅಷ್ಟು ಪುಟ್ಟ ಮೈಯಲ್ಲಿ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್. ಆದರೆ ಬೆಲೆ ನನ್ನ ಬಜೆಟ್ಟಿನದಲ್ಲ. ಮಿರರ್‌ಲೆಸ್ ನೋಡಿದೆ, ಲೆನ್ಸ್ ಹಾಕಿದರೆ ಜೇಬಿಗೆ ಹೋಗಲ್ಲ. ಕೊನೆಗೆ 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರ ಮೊದಲ ಮಾಡೆಲ್ಲೇ ಸಾಕು ಅನ್ನಿಸ್ತು. 20 ಮೆಗಾಪಿಕ್ಸೆಲ್, ರಾ ಫೈಲ್ ಸಿಗುತ್ತೆ, ಬ್ಯಾಟರಿ ಸೇರಿ 240 ಗ್ರಾಂ. ಪರಿಚಯದವರೊಬ್ಬರ ಬಳಿ ಸೆಕೆಂಡ್ ಹ್ಯಾಂಡ್ ಹದಿನೇಳು ಸಾವಿರಕ್ಕೆ ಸಿಕ್ಕಿತು.

ಹಳೇ ಕಾಂಪ್ಯಾಕ್ಟ್ ಕೊಳ್ಳುವವರು ಒಂದಿಷ್ಟು ಪರೀಕ್ಷೆ ಮಾಡಲೇಬೇಕು. ಇವುಗಳ ಲೆನ್ಸ್ ಬಿಚ್ಚಲು ಬರಲ್ಲ, ಒಳಗೆ ಧೂಳು ಹೊಕ್ಕರೆ ನಾವೇ ಒರೆಸುವ ಹಾಗಿಲ್ಲ. ಎಫ್ 11ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ, ಕಪ್ಪು ಚುಕ್ಕೆ ಕಂಡರೆ ಬೇಡ. ಜೂಮ್ ಹತ್ತು ಸಲ ಹಿಂದೆ ಮುಂದೆ ಮಾಡಿ, ತಡೆದು ತಡೆದು ಬಂದರೆ ಬೇಡ. ಲೆನ್ಸಿನ ಮೇಲೆ ಟಾರ್ಚ್ ಬಿಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಲೆನಾಡಿನ ಮಳೆಗಾಲ ಕಂಡವರಿಗೆ ಅದರ ಕಾಟ ಹೇಳಬೇಕಿಲ್ಲ. ಕೊಂಡ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಇದು ಡಿಎಸ್‌ಎಲ್‌ಆರ್‌ಗೆ ಬದಲಿ ಅಲ್ಲ. ಇದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಸರಿಯಾಗಿ ಕಾಣಲ್ಲ. ಮೈ ನುಣುಪು, ಕೈಯಿಂದ ಜಾರುತ್ತೆ. ವೈಫೈ ಇಲ್ಲ, ಮೊಬೈಲಿಗೆ ಫೋಟೊ ಹಾಕಲು ಕಾರ್ಡ್ ರೀಡರ್ ಬೇಕು. ಮಿಂಚುಳ್ಳಿಗೆ, ಮದುವೆಗೆ ಈಗಲೂ ದೊಡ್ಡಣ್ಣನೇ ಹೊರಡೋದು. ಊರಿಗೆ ಹೋಗುವಾಗ ಮಾತ್ರ ತಮ್ಮ ಜೇಬಿನಲ್ಲಿರುತ್ತಾನೆ. ಬೀಪ್ ಸದ್ದು ಆಫ್ ಮಾಡಿದ್ದೇನೆ. ಫೋಕಸ್‌ಗೆ ಅಂತ ಮುಖಕ್ಕೆ ಹೊಡೆಯುವ ಕಿತ್ತಳೆ ಲೈಟನ್ನೂ ಮೆನುವಿನಲ್ಲಿ ಆಫ್ ಮಾಡಿದ್ದೇನೆ.

ಈ ಸಲ ಕೊನೆ ಕೊಯ್ಲಿಗೆ ಊರಿಗೆ ಹೋಗಿದ್ದೆ. ರಾತ್ರಿ ಎಂಟು ಗಂಟೆ. ಜಗಲಿಯಲ್ಲಿ ಒಂದೇ ಬಲ್ಬ್. ಅಡಿಕೆ ರಾಶಿಯ ಸುತ್ತ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಾ ಕೂತಿದ್ದರು. ಅಪ್ಪ ಬರೀ ಮೈಯಲ್ಲಿ, ಹೆಗಲ ಮೇಲೆ ಟವೆಲ್. ಯಾರೋ ಏನೋ ಅಂದರು, ಅಪ್ಪ ತಲೆ ಹಿಂದಕ್ಕೆ ಹಾಕಿ ನಕ್ಕರು. ಎಫ್ 1.8, ಸೆಕೆಂಡಿನ ಅರವತ್ತನೇ ಒಂದು ಭಾಗ, ಐಎಸ್‌ಒ 1600. ತೆಗೆದಿದ್ದು ಯಾರಿಗೂ ಗೊತ್ತಾಗಲಿಲ್ಲ.

ಫೋಟೊದಲ್ಲಿ ಸ್ವಲ್ಪ ಕಾಳುಕಾಳು ಇದೆ. ಎಡಗೈ ಚೂರು ಅಲುಗಿದೆ. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. "ಥೂ, ಅಂಗಿ ಇಲ್ದೇ ಇದ್ದಾಗ ತೆಗ್ದ್ಯಲ್ಲೋ," ಅಂತ ಅಪ್ಪ ಬೈದರು. ಅಮ್ಮ ಹಿಂದಿನಿಂದ ಬಗ್ಗಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಕ್ಕರೆ ಥೇಟ್ ಅಜ್ಜಿ ಥರಾನೇ," ಅಂದಳು.

ಅಪ್ಪ ಕನ್ನಡಕ ತಂದು ಮತ್ತೊಮ್ಮೆ ನೋಡಿದರು.