ಮೇಷ್ಟ್ರು ಮತ್ತೆ ಒಂದನೇ ಕ್ಲಾಸು

34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ತಪ್ಪು ಹುಡುಕುವುದು ಅಭ್ಯಾಸವೇ ಹೊರತು ತಪ್ಪು ಮಾಡುವುದಲ್ಲ. ಹಾಗಾಗಿ ದಸರಾ ರಜೆಗೆ ಬಂದ ಮೊಮ್ಮಗಳು ಲ್ಯಾಪ್‌ಟಾಪ್ ತೆರೆದು, "ತಾತ, ಇಬ್ಬರೂ ಸೇರಿ ಒಂದು ಆಟ ಬರೆಯೋಣ್ವಾ?" ಎಂದಾಗ, ಅದೇನು ಮಹಾ ಬ್ರಹ್ಮವಿದ್ಯೆ ಎಂದುಕೊಂಡೇ ಕನ್ನಡಕ ಏರಿಸಿದರು.

ಆಟ ಸರಳ. ಕಂಪ್ಯೂಟರು 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು. ನಾವು ಊಹಿಸಿದಂತೆಲ್ಲ 'ಹೆಚ್ಚಾಯಿತು', 'ಕಡಿಮೆಯಾಯಿತು' ಎನ್ನಬೇಕು. ಬರೆಯುವ ಭಾಷೆ ಪೈಥಾನ್. 1991ರಲ್ಲಿ ಅದನ್ನು ಹೊರತಂದ ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್, ಹೆಬ್ಬಾವನ್ನು ನೆನೆದು ಆ ಹೆಸರಿಟ್ಟವರಲ್ಲ, ಬ್ರಿಟಿಷ್ ಟಿ.ವಿ.ಯ ನಗೆ ಕಾರ್ಯಕ್ರಮವೊಂದರ ಹೆಸರಿನಿಂದ ಆರಿಸಿಕೊಂಡರು. ಮೇಷ್ಟ್ರಿಗೆ ಮಾತ್ರ ನಗು ಬರಲಿಲ್ಲ.

ಸಾಲಿನ ಕೊನೆಗೆ ಎರಡು ಚುಕ್ಕೆ ಮರೆತರೆ ತಪ್ಪು. ಮುಂದಿನ ಸಾಲನ್ನು ಒಳಕ್ಕೆ ಸರಿಸದಿದ್ದರೆ ತಪ್ಪು. ಜೀವಮಾನವಿಡೀ ಬರೆದ 'ಸಮ' ಚಿಹ್ನೆಗೂ ಇಲ್ಲಿ ಬೇರೆ ಅರ್ಥ. ಎರಡು ಸಂಖ್ಯೆ ಸಮವೇ ಎಂದು ಕೇಳಲು ಅದನ್ನು ಎರಡು ಸಲ ಒತ್ತಬೇಕು. ಇನ್ನು 50 ಎಂದು ಒತ್ತಿದರೆ ಯಂತ್ರಕ್ಕೆ ಅದು ಐವತ್ತೇ ಅಲ್ಲ, ಬರೀ ಎರಡು ಅಕ್ಷರ! 'ಇಂಟ್' ಎಂದು ಬರೆದು, ಇದು ಸಂಖ್ಯೆ ಕಣಪ್ಪಾ ಎಂದು ಒಪ್ಪಿಸಬೇಕು.

ಮೂರನೆಯ ದಿನ ಪರದೆಯ ತುಂಬ 'ಹೆಚ್ಚಾಯಿತು' ಎಂಬ ಪದ ನಿಲ್ಲದೆ ಓಡತೊಡಗಿತು. ಊಹೆ ಕೇಳುವ ಸಾಲು ಆವರ್ತನೆಯ ಹೊರಗೇ ಉಳಿದು, ಯಂತ್ರ ಒಂದೇ ಉತ್ತರಕ್ಕೆ ಜೋತುಬಿದ್ದಿತ್ತು. ಮೇಷ್ಟ್ರ ಕೈ ಬೆವತಿತು. "ನನ್ನ ತಲೆಗೆ ಇದು ಹತ್ತಲ್ಲ" ಎಂದು ಎದ್ದರು.

"ಒಂದೇ ಸಾಲು ಜಾಗ ತಪ್ಪಿದೆ ತಾತ, ನೋಡಿ" ಎಂದಳು ಮೊಮ್ಮಗಳು. ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ.

ಆಟ ನಡೆಯಿತು. ಪ್ರತಿಸಲ ಉಳಿದ ಸಂಖ್ಯೆಗಳ ನಡುವಿನದನ್ನೇ ಹೇಳುತ್ತ ಹೋದರೆ ಏಳು ಊಹೆಗೆ ಯಾವ ಸಂಖ್ಯೆಯಾದರೂ ಸಿಕ್ಕಲೇಬೇಕು. ಎರಡರ ಏಳನೆಯ ಘಾತ 128 ಎಂಬುದು ಮೇಷ್ಟ್ರಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಅಂದು ನಿದ್ದೆ ಬರಲಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ನೆನಪಾದ. ಋಣಸಂಖ್ಯೆ ಕಳೆಯುವಾಗ ಚಿಹ್ನೆ ತಪ್ಪುತ್ತಿದ್ದ. ಅವನದೂ ಒಂದೇ ಸಾಲಿನ ತಪ್ಪು. ಬೆಂಚಿನ ಮೇಲೆ ನಿಲ್ಲಿಸಿ, ಇಡೀ ಕ್ಲಾಸು ನಗುವಂತೆ ಬೈದು, ಬೆತ್ತ ಮುರಿಯುವಷ್ಟು ಹೊಡೆದಿದ್ದರು. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳಿ ಇನ್ನೊಂದು ಅವಕಾಶ ಕೊಡುವ ಸೌಜನ್ಯ ಈ ಯಂತ್ರಕ್ಕಿದೆ.

ಆ ಹುಡುಗನದು ಈಗ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನಂಗಡಿ. ಕಂಡಾಗಲೆಲ್ಲ ಎದ್ದು ನಮಸ್ಕಾರ ಮಾಡುತ್ತಾನೆ. ಮರುದಿನ ಮೇಷ್ಟ್ರು ಹೋಗಿ ಒಂದು ಕೆ.ಜಿ. ಬಾಳೆಹಣ್ಣು ಕೊಂಡರು. ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯಿತು.

"ಮಗ ಏನು ಓದ್ತಿದಾನಪ್ಪ?"

"ಎಂಟನೇ ಕ್ಲಾಸು ಸಾರ್. ಲೆಕ್ಕ ಒಂದು ಬರಲ್ಲ."

"ಸಂಜೆ ಮನೆಗೆ ಕಳಿಸು. ನಾನು ಹೇಳಿಕೊಡ್ತೀನಿ."

ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೊಡಿಯಲ್ಲ ಅಲ್ವಾ, ಸಾರ್?"