ಊರ ದಾರಿಗೆ ಹಳೆಯ ವ್ಯಾನು: ಡೀಸೆಲೋ, ಗ್ಯಾಸೋ?

ಠಾಣೆಯಿಂದ ಕಲ್ಯಾಣದವರೆಗೆ, ಖಾಡಿಯ ಆಚೆ ಈಚೆ ಬಿಡಾರ ಹೂಡಿರುವ ನಮ್ಮವರಿಗೆಲ್ಲ ಎರಡು ದಾರಿಗಳುಂಟು. ಒಂದು, ಹೊಟ್ಟೆಪಾಡಿಗಾಗಿ ದಿನವೂ ತುಳಿಯುವುದು. ಇನ್ನೊಂದು, ವರ್ಷಕ್ಕೆ ಒಂದೆರಡು ಸಲ ಊರಿಗೆ ಕರೆದೊಯ್ಯುವುದು. ಹಳೆಯ ವಾಹನ ಕೊಳ್ಳಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅದು ಯಾವ ದಾರಿಗೆ ಎಂಬುದೇ.

೧೯೯೮ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಕರಾವಳಿಯವರಿಗೆ ಬಸ್ಸಿನ ಹಂಗು ಬಹಳಷ್ಟು ತಪ್ಪಿತು, ನಿಜ. ಆದರೆ ಎಂಬತ್ತು ದಾಟಿದ ನಮ್ಮ ಅಮ್ಮನಿಗೆ ಈಗ ಬೋಗಿಯ ಮೆಟ್ಟಿಲು ಏರುವ ಶಕ್ತಿಯಿಲ್ಲ. ನಡುನಡುವೆ ಗಾಡಿ ನಿಲ್ಲಿಸಿ ಕಾಲು ಚಾಚಿ ಮಲಗಬೇಕು. ಉಡುಪಿಯ ಕಡೆಯ ಮನೆಯಂಗಳವನ್ನು ವರ್ಷಕ್ಕೆರಡು ಬಾರಿ ಕಾಣಬೇಕೆಂಬ ಆಸೆ ಮಾತ್ರ ಕುಂದಿಲ್ಲ. ಅಮೆರಿಕೆಯಲ್ಲಿ ಹಾಸಿಗೆ, ಒಲೆ ಎಲ್ಲ ಉಳ್ಳ ಮನೆಗಾಡಿ ಕೊಳ್ಳುವವರೂ 'ಡೀಸೆಲೋ, ಗ್ಯಾಸೋ' ಎಂದೇ ಚರ್ಚಿಸುತ್ತಾರೆ; ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲು, ನಮ್ಮಲ್ಲಿ ಸಿ.ಎನ್.ಜಿ. ಮನೆಗಾಡಿ ನಮ್ಮ ಕೈಗೆಟುಕದ್ದು. ಆಸನ ಮಡಿಚಿ ಹಾಸಿಗೆ ಬಿಡಿಸಬಹುದಾದ ವ್ಯಾನು ಸಾಕೆಂದುಕೊಂಡು ಮೂರು ಭಾನುವಾರ ಸುತ್ತಿದೆವು.

ಘೋಡಬಂದರ್ ರಸ್ತೆಯಲ್ಲಿ ಎಂ.ಎಚ್. ೦೪ರ ಡೀಸೆಲ್ ವ್ಯಾನು ಕಂಡೆವು. ಕಲ್ಯಾಣದಲ್ಲಿ ಎಂ.ಎಚ್. ೦೫ರ ಗ್ಯಾಸಿನದು, ವಾಶಿಯಲ್ಲಿ ಎಂ.ಎಚ್. ೪೩ರ ಮತ್ತೊಂದು ಡೀಸೆಲ್.

ನಮ್ಮ ನಿತ್ಯದ ಓಡಾಟಕ್ಕಾದರೆ ಗ್ಯಾಸೇ ಲೇಸು. ೧೯೯೫ರಲ್ಲಿ ಸ್ಥಾಪನೆಯಾದ ಮಹಾನಗರ ಗ್ಯಾಸ್ ಸಂಸ್ಥೆಯ ಪಂಪುಗಳು ಠಾಣೆ, ನವಿ ಮುಂಬಯಿ, ಕಲ್ಯಾಣ, ಡೊಂಬಿವಲಿಗಳಲ್ಲೆಲ್ಲ ಇವೆ. ಶೀಳ್‌ಫಾಟಾದಲ್ಲಿ ಲಾರಿಗಳ ಹಿಂದೆ ಮೊದಲ ಗೇರಿನಲ್ಲೇ ತೆವಳುವಾಗ ಖರ್ಚು ಹಗುರ. ಆದರೆ ಅರವತ್ತು ಲೀಟರಿನ ಸಿಲಿಂಡರು ಹಿಡಿಸುವುದು ಎಂಟೊಂಬತ್ತು ಕಿಲೋ ಗ್ಯಾಸು. ಉಡುಪಿ ಇಲ್ಲಿಂದ ಸುಮಾರು ೯೦೦ ಕಿಲೋಮೀಟರು. ಹೆದ್ದಾರಿಯಲ್ಲಿ ಗ್ಯಾಸ್ ಪಂಪುಗಳು ಇಲ್ಲಿನಷ್ಟು ಒತ್ತಾಗಿಲ್ಲ. ಗ್ಯಾಸು ತೀರಿದರೆ ಪೆಟ್ರೋಲಿನಲ್ಲಿ ಓಡೀತು, ಉಳಿತಾಯ ಮಾತ್ರ ಅಲ್ಲಿಗೆ ಮುಗಿಯಿತು. ತುಂಬಿದ ಗಾಡಿಗೆ ಘಟ್ಟದಲ್ಲಿ ಎಳೆತವೂ ತುಸು ಕಡಮೆ. ಎಲ್ಲಕ್ಕಿಂತ ಹೆಚ್ಚಾಗಿ, ಕಲ್ಯಾಣದ ವ್ಯಾನಿನ ಹಿಂಬಾಗಿಲು ತೆರೆದಾಗ ಅಮ್ಮನ ಹಾಸಿಗೆಯ ಜಾಗದಲ್ಲಿ ಸಿಲಿಂಡರು ಮಲಗಿತ್ತು!

ಡೀಸೆಲಿಗೆ ಎಳೆತ ಹೆಚ್ಚು, ದೂರದ ದಾರಿಯಲ್ಲಿ ಇಂಧನ ಮಿತ. ಆದರೆ 'ಡೀಸೆಲ್ ಬಹು ಅಗ್ಗ' ಎಂಬ ಹಿರಿಯರ ಮಾತು ೨೦೧೪ರ ಅಕ್ಟೋಬರಿನಲ್ಲಿ ಸರಕಾರವು ಬೆಲೆಯ ಹತೋಟಿ ಬಿಡುವುದಕ್ಕೆ ಮುಂಚಿನದು. ಪೆಟ್ರೋಲಿಗೂ ಅದಕ್ಕೂ ಇದ್ದ ಹಿಂದಿನ ಅಂತರ ಈಗಿಲ್ಲ. ಇನ್ನೊಂದು ಸಂಗತಿ: ೨೦೨೦ರ ಏಪ್ರಿಲ್ ೧ರಿಂದ ಬಂದ ಬಿ.ಎಸ್. ೬ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜರಡಿಯುಂಟು. ಮಸಿ ಸುಟ್ಟುಹೋಗಲು ಗಾಡಿ ಆಗಾಗ ವೇಗವಾಗಿ, ಒಂದೇ ಸಮನೆ ಓಡಬೇಕು. ದಿನವೂ ತೆವಳುವ ಗಾಡಿಯಲ್ಲಿ ಜರಡಿ ಕಟ್ಟಿಕೊಳ್ಳುತ್ತದೆ. ಬದಲಿಸಲು ಬಹಳ ಹಣ ಬೇಕು. ವಾಶಿಯದು ಅಂಥದು. ಠಾಣೆಯದು ಅದಕ್ಕೂ ಮುಂಚಿನ ಬಿ.ಎಸ್. ೪, ಆ ಕಾಟವಿಲ್ಲ, ಆದರೆ ಹದಿನೈದು ವರ್ಷದ ನೋಂದಣಿಯಲ್ಲಿ ಉಳಿದ ವರ್ಷಗಳು ಕಡಮೆ.

ಯಾವುದನ್ನೇ ಕೊಳ್ಳಲಿ, ವಾಚಕರು ಕೆಲವನ್ನು ನೋಡಿಯೇ ನೋಡಬೇಕು. ಗ್ಯಾಸಿನದಾದರೆ ನೋಂದಣಿ ಪುಸ್ತಕದಲ್ಲಿ ಗ್ಯಾಸೆಂದು ನಮೂದಾಗಿರಬೇಕು. ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರಿನ ಒತ್ತಡ ಪರೀಕ್ಷೆಯ ಪ್ರಮಾಣಪತ್ರವಿರಬೇಕು. ಡೀಸೆಲಿನದಾದರೆ ಬೆಳಿಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿರಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನು ತನ್ನ ರೋಗ ಹೇಳದು.

ಮನೆಯಲ್ಲಿ ಎಲ್ಲರೂ ಕುಳಿತು ಯೋಚಿಸಿದೆವು. ಮಹಾಪೆಯ ಕೆಲಸಕ್ಕೆ ಡೊಂಬಿವಲಿಯಿಂದ ಲೋಕಲು, ಠಾಣೆಯಲ್ಲಿ ಇಳಿದರೆ ೨೦೦೪ರಿಂದ ಓಡುತ್ತಿರುವ ವಾಶಿಯ ಗಾಡಿ, ಹೇಗೂ ಉಂಟು. ನಿತ್ಯ ರಸ್ತೆಯಲ್ಲೇ ಓಡಾಡಬೇಕಾದ ಕುಟುಂಬಕ್ಕೆ ನಾವು ಗ್ಯಾಸನ್ನೇ ಹೇಳುವೆವು. ನಮ್ಮ ವ್ಯಾನು ಬೇಕಾದುದು ಅಮ್ಮನಿಗಾಗಿ. ಠಾಣೆಯ ಡೀಸೆಲಿಗೇ ಮುಂಗಡ ಕೊಟ್ಟೆವು. ಕಾಗದಪತ್ರ ನಮ್ಮ ಹೆಸರಿಗಾದೊಡನೆ ಪನವೇಲ ದಾಟಿ, ಚಿಪ್ಳೂಣದ ಮೇಲಾಗಿ ಕಾರವಾರದ ದಾರಿ ಹಿಡಿಯುವೆವು. ಅಮ್ಮ ಈಗಲೇ ಚೀಲ ತುಂಬತೊಡಗಿದ್ದಾರೆ.