ಕುಡುಗೋಲು ಮಸೆದ ಕಲ್ಲು

ರಜೆಗೆ ಬಂದ ಮೊಮ್ಮಗಳು ಒಂದು ಯುದ್ಧದ ಕಥೆ ಓದಿ ಹೇಳಿದಳು. ಕ್ರಿ.ಶ. 9ರಲ್ಲಿ ರೋಮಿನ ಸೇನಾಪತಿ ವಾರಸ್ ಮೂರು ದೊಡ್ಡ ಪಡೆಗಳೊಂದಿಗೆ ಜರ್ಮನಿಯ ಕಾಡು ಹೊಕ್ಕ. ರೋಮಿನ ಸೈನ್ಯದಲ್ಲೇ ಪಳಗಿದ್ದ ಅರ್ಮಿನಿಯಸ್ ಎಂಬ ಜರ್ಮನ್ ನಾಯಕನನ್ನು ಅವನು ನಂಬಿದ್ದ. ಹೊಂಚು ಹಾಕಿದವನೂ ಅವನೇ! ಮಳೆ, ಕೆಸರು, ಇಕ್ಕಟ್ಟಿನ ದಾರಿ. ಮೂರೂ ಪಡೆಗಳು ನಾಶವಾದವು. 17, 18, 19 ಎಂಬ ಅವುಗಳ ಸಂಖ್ಯೆಯನ್ನು ರೋಮನ್ನರು ಮತ್ತೆ ಯಾವ ಪಡೆಗೂ ಇಡಲಿಲ್ಲ.

ಕಾಲ ಕಳೆದಂತೆ ಆ ರಣರಂಗ ಎಲ್ಲಿತ್ತೆಂಬುದೇ ಮರೆತುಹೋಯಿತು. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲೋಹಶೋಧಕ ಹಿಡಿದು ಕಾಲ್ಕ್ರೀಸೆ ಎಂಬಲ್ಲಿ ಹುಡುಕಿದಾಗ ರೋಮನ್ ನಾಣ್ಯಗಳು ಸಿಕ್ಕವು. ಅಲ್ಲೇ ಕಾಳಗ ನಡೆದಿರಬೇಕೆಂದು ಈಗ ಬಹಳ ಜನ ಒಪ್ಪುತ್ತಾರೆ.

ನನ್ನ ಮನಸ್ಸು ನಿಂತದ್ದು ಪುಸ್ತಕದ ಒಂದು ಚಿತ್ರದ ಮೇಲೆ. ಆ ಕಾಳಗದಲ್ಲಿ ಸತ್ತ ಮಾರ್ಕಸ್ ಸೀಲಿಯಸ್, 18ನೇ ಪಡೆಯವನು, ವಯಸ್ಸು 53. ಅವನ ತಮ್ಮನೋ ಅಣ್ಣನೋ ಹೆಸರು ಕೆತ್ತಿಸಿ ನಿಲ್ಲಿಸಿದ ಕಲ್ಲು ಇಂದಿಗೂ ಬಾನ್ ನಗರದ ಮ್ಯೂಸಿಯಮ್ಮಿನಲ್ಲಿದೆ.

"ಅಜ್ಜ, ನಮ್ಮ ಕಡೆ ಹಿಂಗೆ ಕಲ್ಲು ನಿಲ್ಸಿಲ್ವಾ?"

ಶಿಕಾರಿಪುರ, ಸೊರಬದವರನ್ನು ಕೇಳುವ ಪ್ರಶ್ನೆಯೇ ಇದು! ಮರುದಿನವೇ ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಬಳ್ಳಿಗಾವಿಗೆ ಹೋದೆವು. ವೀರಗಲ್ಲು ತೋರಿಸಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ದನಗಳ್ಳರನ್ನು ಅಡ್ಡಗಟ್ಟಿ ಸತ್ತವರಿಗೂ ಇಂಥ ಕಲ್ಲುಂಟು. ಆ ಹೋರಾಟಕ್ಕೆ ತುರುಗೊಳ್ ಎನ್ನುತ್ತಿದ್ದರು. ಯಾವ ಬಯಲಲ್ಲಿ ಬಡಿದಾಡಿದರೋ, ಈಗ ಅಲ್ಲಿ ಭತ್ತವೋ ಜೋಳವೋ ಬೆಳೆದಿರುತ್ತದೆ.

"ಗೆದ್ದಿದ್ದು ಯಾರು ಅಜ್ಜ?"

"ಗೆದ್ದವನಿಗಲ್ಲ ಪುಟ್ಟಿ, ಸತ್ತವನಿಗೆ ನಿಲ್ಸಿದ್ದು."

ಅಲ್ಲಿಂದ ಸೊರಬದ ಕಡೆಯ ನಮ್ಮ ಹಳೇ ಗದ್ದೆಗೆ ಹೋದೆವು. ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಚಿತ್ರಗಳ ನಡುವಿನ ಪಟ್ಟಿ ನುಣ್ಣಗಿತ್ತು. ಅದಕ್ಕೇ ಹುಡುಗನಾಗಿದ್ದಾಗ ಕೊಯ್ಲಿನ ದಿನಗಳಲ್ಲಿ ನಾನು ಕುಡುಗೋಲು ಮಸೆಯುತ್ತಿದ್ದದ್ದು ಅಲ್ಲೇ. ಅಕ್ಷರ ಕೆತ್ತುವುದೂ ಅದೇ ಪಟ್ಟಿಯ ಮೇಲೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ!

ಅವಳು ಆ ತಗ್ಗಿನಲ್ಲಿ ಬೆರಳಾಡಿಸಿದಳು. "ಇಲ್ಲಿ ಅವನ ಹೆಸರಿತ್ತಾ?"

"ಇದ್ದಿರಬೇಕು. ನಾನೇ ಸವೆಸಿದೆ."

ಅವಳು ಏನೂ ಅನ್ನಲಿಲ್ಲ. ಬಾಟಲಿಯ ನೀರು ಸುರಿದು ಕಲ್ಲು ತೊಳೆದಳು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಪಟ್ಟಿಯ ತುದಿಯಲ್ಲಿ ನಾಲ್ಕು ಹಳಗನ್ನಡದ ಅಕ್ಷರ ಎದ್ದು ಕಂಡವು. ಕತ್ತಲಾಗುವವರೆಗೂ ಕೂತು ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು.